ನೀಲಾಂಬಿಕೆಗೆ ಗಮನವಿಲ್ಲ

ನರಸಿಂಹರಾಜಪುರದಲ್ಲಿ ಕಲ್ಲೇಶಪ್ಪನವರ ಹಾರ್ಡ್‌ವೇರ್ ಅಂಗಡಿ ಗೊತ್ತಿಲ್ಲದವರು ಕಡಿಮೆ. ಅವರ ಸೊಸೆ ನೀಲಾಂಬಿಕೆ ಮೊಬೈಲನ್ನು ಫ್ರಿಜ್ಜಿನಲ್ಲಿಟ್ಟು, ಬೆಣ್ಣೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಳೆಂಬ ಕಥೆ ಗೊತ್ತಿಲ್ಲದವರು ಇನ್ನೂ ಕಡಿಮೆ. ಬೆಣ್ಣೆಯ ಭಾಗ ಸುಳ್ಳು. ಅದನ್ನು ಸೇರಿಸಿದವರು ಕಲ್ಲೇಶಪ್ಪನವರೇ. ಮೊಳೆ ತೂಗುವಾಗ ಗಿರಾಕಿಗಳಿಗೆ ಬೇಸರವಾಗದಿರಲೆಂದು ಅವರು ಸೊಸೆಯ ಕಥೆಗಳನ್ನು ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಕಥೆಗಳು ಮೈ ತುಂಬಿಕೊಳ್ಳುತ್ತಿದ್ದವು.

ನಿಜವಾದ ಕಥೆಗಳಿಗೂ ಬರವಿರಲಿಲ್ಲ. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿ, ಮುಚ್ಚಳ ಬಿಗಿದು, ಒಲೆ ಹಚ್ಚದೆ, ಇನ್ನೂ ಯಾಕೆ ಕೂಗಲಿಲ್ಲ ಎಂದು ಅವಳು ಕಾಯುತ್ತಿದ್ದುದುಂಟು. ಬಟ್ಟೆ ಒಣಹಾಕಲು ತಾರಸಿಗೆ ಹೋದವಳಿಗೆ ಟ್ಯಾಂಕಿನ ವಾಲ್ವು ತೊಟ್ಟಿಕ್ಕುವುದು ಕಾಣುತ್ತಿತ್ತು. ಅದನ್ನು ಬಿಗಿಮಾಡಲು ಸ್ಪ್ಯಾನರ್ ಬೇಕೆಂದು ಕೆಳಗಿಳಿಯುತ್ತಿದ್ದಳು. ಸ್ಪ್ಯಾನರ್ ಹುಡುಕುವಾಗ ಹಳೇ ಫೋಟೋಗಳ ಡಬ್ಬ ಸಿಗುತ್ತಿತ್ತು. ಸಂಜೆಗೆ ಬಟ್ಟೆ ಬಕೆಟ್ಟಿನಲ್ಲೇ ಮುಗ್ಗಲು ಹಿಡಿದಿರುತ್ತಿತ್ತು, ವಾಲ್ವು ತೊಟ್ಟಿಕ್ಕುತ್ತಲೇ ಇರುತ್ತಿತ್ತು, ಫೋಟೋಗಳು ಮಾತ್ರ ವರ್ಷದ ಪ್ರಕಾರ ಅರ್ಧ ಜೋಡಣೆಯಾಗಿ ಊಟದ ಮೇಜಿನ ಮೇಲಿರುತ್ತಿದ್ದವು.

ಅವಳು ತರೀಕೆರೆಯ ಹುಡುಗಿ. ಶಾಲೆಯಲ್ಲಿ ಪ್ರತಿ ವರ್ಷ, ಪ್ರತಿ ಮೇಷ್ಟರೂ ಅವಳ ಬಗ್ಗೆ ಒಂದೇ ಮಾತು ಹೇಳಿದ್ದರು: ಹುಡುಗಿ ಬುದ್ಧಿವಂತೆ, ಗಮನವಿಲ್ಲ. ಬುದ್ಧಿ ಇದ್ದೂ ಗಮನ ಯಾಕಿಲ್ಲ ಎಂದು ಕೇಳುವಷ್ಟು ಗಮನ ಯಾವ ಮೇಷ್ಟರಿಗೂ ಇರಲಿಲ್ಲ. ಬಿ.ಕಾಂ. ಓದುವಾಗ ಒಂದು ಪರೀಕ್ಷೆಯ ದಿನವನ್ನೇ ತಪ್ಪು ತಿಳಿದುಕೊಂಡು ಮಾರನೇ ದಿನ ಹೋಗಿದ್ದಳು. ಮದುವೆಯಾದರೆ ಜವಾಬ್ದಾರಿ ಬರುತ್ತದೆ ಎಂದು ಹಿರಿಯರು ಮದುವೆ ಮಾಡಿದರು. ಬರಲಿಲ್ಲ. ಮಗುವಾದರೆ ಬರುತ್ತದೆ ಎಂದರು. ಮಗು ಬಂತು. ದೀಕ್ಷಾ ಎಂದು ಹೆಸರಿಟ್ಟರು. ಜವಾಬ್ದಾರಿಯ ಬಸ್ಸು ಮಾತ್ರ ಎಲ್ಲೋ ಕೆಟ್ಟು ನಿಂತಿತ್ತು.

ಗಂಡ ಶಶಿಕಿರಣ್ ತುಂಬ ಒಳ್ಳೆಯವನು. ಹಾಗೆಂದು ಅವನೇ ಹೇಳುತ್ತಿದ್ದ. ಅವನು ಬೈಯುತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿದ್ದ. ಬೈದರೆ ತಿರುಗಿ ಏನಾದರೂ ಅನ್ನಬಹುದು, ನಿಟ್ಟುಸಿರಿಗೆ ಏನನ್ನುವುದು? ಬಾಳೆಹೊನ್ನೂರಿಗೆ ಕೊಟ್ಟಿದ್ದ ನಾದಿನಿ ಕಾವ್ಯ ಬಂದಾಗಲೆಲ್ಲ ಒಂದು ಮದ್ದು ತರುತ್ತಿದ್ದಳು. ಒಮ್ಮೆ ಒಂದೆಲಗದ ಪುಡಿ, ಒಮ್ಮೆ ಮಂತ್ರಿಸಿದ ದಾರ, ಒಮ್ಮೆ ಕಣ್ಣು ಮುಚ್ಚಿ ಉಸಿರು ಎಣಿಸುವ ವಿಡಿಯೋ. ಉಸಿರು ಎಣಿಸುವಾಗ ನೀಲಾಂಬಿಕೆಗೆ ಪಕ್ಕದ ಮನೆಯ ಮಿಕ್ಸಿ, ಬೀದಿಯ ಸ್ಕೂಟರು, ತನ್ನದೇ ಬಳೆಯ ಸದ್ದು ಎಲ್ಲ ಒಟ್ಟಿಗೆ ಕೇಳುತ್ತಿದ್ದವು. ಒಂದೆಲಗದ ಪುಡಿ ತೆಗೆದುಕೊಳ್ಳಲು ಅವಳಿಗೆ ನೆನಪಿರುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಸರಿಹೋಗಲಿಲ್ಲವೆಂದರೆ ಅವಳಿಗೇ ಮನಸ್ಸಿಲ್ಲ ಎಂದು ಕಾವ್ಯ ತೀರ್ಪು ಕೊಟ್ಟಳು.

ದೀಕ್ಷಾ ನಾಲ್ಕನೇ ಕ್ಲಾಸಿಗೆ ಬಂದಾಗ ಶಾಲೆಯಿಂದ ಕರೆ ಬಂತು. ಹುಡುಗಿ ಬುದ್ಧಿವಂತೆ, ಗಮನವಿಲ್ಲ ಎಂದರು. ಒಮ್ಮೆ ಯಾರಾದರೂ ತಜ್ಞರಿಗೆ ತೋರಿಸಿ ಎಂದು ಟೀಚರೇ ಹೇಳಿದ್ದರಿಂದ ಎಲ್ಲರೂ ಶಿವಮೊಗ್ಗಕ್ಕೆ ಹೊರಟರು. ಮೊಮ್ಮಗಳ ವಿಷಯದಲ್ಲಿ ತಾವಿಲ್ಲದೆ ಯಾವ ಮಾತುಕತೆಯೂ ಆಗಬಾರದೆಂದು ಕಲ್ಲೇಶಪ್ಪನವರೂ ಬಸ್ಸು ಹತ್ತಿದರು.

ಡಾಕ್ಟರಮ್ಮ ಪ್ರಶ್ನೆಗಳನ್ನು ಕೇಳತೊಡಗಿದರು. "ಮಗು ವಸ್ತುಗಳನ್ನ ಕಳ್ಕೊಳ್ತಾಳಾ?"

"ಕಳ್ಕೊಳ್ತೀನಿ ಮೇಡಂ," ಎಂದಳು ನೀಲಾಂಬಿಕೆ.

"ನಾನು ಮಗು ಬಗ್ಗೆ ಕೇಳಿದ್ದು."

"ಅವಳೂ ಕಳ್ಕೊಳ್ತಾಳೆ. ನಾನು ಹುಡುಕೋಕೆ ಹೋಗಿ ಮತ್ತೊಂದು ಕಳ್ಕೊಂಡು ಬರ್ತೀನಿ."

"ಹೇಳಿದ ಕೆಲಸ ಅರ್ಧಕ್ಕೆ ಬಿಡ್ತಾಳಾ?"

"ಅರ್ಧ ಆದ್ರೆ ನಮ್ಮನೇಲಿ ಹಬ್ಬ ಮೇಡಂ," ಎಂದು ಶಶಿಕಿರಣ್ ನಿಟ್ಟುಸಿರು ಬಿಟ್ಟ.

ಕಲ್ಲೇಶಪ್ಪನವರು ಗಂಟಲು ಸರಿಮಾಡಿಕೊಂಡರು. "ಇದೆಲ್ಲ ಶಿಸ್ತಿನ ಪ್ರಶ್ನೆ ಡಾಕ್ಟ್ರೇ. ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಎಲ್ಲಿತ್ತು? ಒಂದು ಕೆಲ್ಸಕ್ಕೆ ಕೂತ್ರೆ ಮುಗಿಯೋ ತನಕ ಕಣ್ಣು ಆಚೆ ಈಚೆ..." ಅಷ್ಟರಲ್ಲಿ ಅವರ ಕಣ್ಣು ಬಾಗಿಲಿಗೆ ಹೋಯಿತು. "ಈ ಬಾಗ್ಲಿಗೆ ಹಿಂಜಸ್ ಹಾಕಿದ್ಯಾರು? ಸೈಜೇ ತಪ್ಪು." ಮಾತು ಅಲ್ಲೇ ಬಿಟ್ಟು ಎದ್ದುಹೋಗಿ ಬಾಗಿಲನ್ನು ತೆಗೆದು ಮುಚ್ಚಿ ನೋಡತೊಡಗಿದರು.

"ಇದು ಸಾಮಾನ್ಯವಾಗಿ ಮನೆತನದಲ್ಲಿ ಬರುತ್ತೆ," ಎಂದರು ಡಾಕ್ಟರಮ್ಮ. "ನಿಮ್ಮಲ್ಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?"

ಹಿಂದಿನಿಂದ ಬಾಗಿಲು ಕಿರ್ರೆನ್ನುವುದು ಮಾತ್ರ ಕೇಳುತ್ತಿತ್ತು.

ಮತ್ತೆ ಕೆಲವು ಸಲ ಹೋಗಿಬಂದ ಮೇಲೆ ತಾಯಿ ಮಗಳಿಬ್ಬರಿಗೂ ಎಡಿಎಚ್‌ಡಿ ಇದೆ ಎಂದು ಖಚಿತವಾಯಿತು. "ಗಮನ ಇಲ್ಲ ಅಂತಲ್ಲಮ್ಮ," ಎಂದು ಡಾಕ್ಟರಮ್ಮ ವಿವರಿಸಿದರು. "ಗಮನ ಎಲ್ಲಾ ಕಡೆಗೂ ಹೋಗ್ತಿದೆ. ಯಾವುದನ್ನ ಬಿಡ್ಬೇಕು ಅಂತ ಮಿದುಳು ಆರಿಸ್ತಿಲ್ಲ." ಮಾತ್ರೆ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ನೀಲಾಂಬಿಕೆ ಕಿಟಕಿಯ ಕಡೆ ತಿರುಗಿ ಅತ್ತಳು.

"ಅಳ್ಬೇಡ, ಮಾತ್ರೆ ಕೊಟ್ಟಿದಾರಲ್ಲ," ಎಂದ ಶಶಿಕಿರಣ್.

"ಅದಕ್ಕಲ್ಲ ರೀ."

ಯಾವುದಕ್ಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಹೇಳಲಾಗುತ್ತಿರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದವರು, ಎಲ್ಲರೆದುರು ನಕ್ಕವರು, ಬಾಯಿಗೆ ಬಂದ ಹೆಸರಿಟ್ಟವರು, ಇವರೆಲ್ಲರ ಮಾತನ್ನೂ ನಂಬಿ ಇಷ್ಟು ವರ್ಷ ತನ್ನನ್ನು ತಾನೇ ಕೆಟ್ಟವಳೆಂದುಕೊಂಡಿದ್ದಳು. ಈಗ ಯಾರ ಹತ್ತಿರ ಹೋಗಿ ಜಗಳವಾಡುವುದೆಂದು ತಿಳಿಯದೆ ಅಳು ಬಂದಿತ್ತು.

ನರಸಿಂಹರಾಜಪುರದ ಪೇಟೆಬೀದಿಗೆ ಎಡಿಎಚ್‌ಡಿ ಬಂದದ್ದು ಹೀಗೆ. ಪೇಟೆ ಅದನ್ನು ತನಗೆ ತಿಳಿದಂತೆ ಬರಮಾಡಿಕೊಂಡಿತು. ಎಚ್‌ಡಿ ಅಂದರೆ ಒಳ್ಳೆಯದೇ ಅಲ್ಲವಾ, ಟಿವಿಯಲ್ಲಿ ಕ್ಲಿಯರ್ ಬರುತ್ತದಲ್ಲ ಎಂದು ಒಬ್ಬರು ಕೇಳಿದರು. ಮೊಬೈಲ್ ಕಿತ್ತುಕೊಂಡರೆ ಸರಿಹೋಗುತ್ತದೆ ಎಂದು ಮೊಬೈಲಿನಿಂದ ತಲೆಯೆತ್ತದೆ ಇನ್ನೊಬ್ಬರು ಹೇಳಿದರು. ಕಾವ್ಯ ಫೋನಿನಲ್ಲಿ ಅಣ್ಣನಿಗೆ, "ಕೆಲ್ಸ ತಪ್ಪಿಸ್ಕೊಳ್ಳೋಕೆ ಅತ್ತಿಗೆಗೆ ಡಾಕ್ಟ್ರೇ ಸರ್ಟಿಫಿಕೇಟ್ ಕೊಟ್ರಾ?" ಎಂದಳು. ಮಾತ್ರೆ ಪವಾಡವನ್ನೇನೂ ಮಾಡಲಿಲ್ಲ. ಆದರೆ ಅದನ್ನು ನುಂಗಿದ ದಿನ ಫ್ಯಾನು ತಿರುಗುವ ಸದ್ದು ಬರೀ ಫ್ಯಾನಿನ ಸದ್ದಾಗಿ ಉಳಿಯುತ್ತಿತ್ತು. ಒಂದು ಪಾತ್ರೆ ತೊಳೆದ ಮೇಲೆ ಇನ್ನೊಂದನ್ನು ತೊಳೆಯುವುದು ಇಷ್ಟು ಸುಲಭವಾ ಎಂದು ಅವಳಿಗೆ ಆಶ್ಚರ್ಯವಾಯಿತು. ನುಂಗಲು ಮರೆತ ದಿನ ಎಲ್ಲ ಮೊದಲಿನಂತೆಯೇ. ಮರೆಯುವವರಿಗೆ ದಿನವೂ ನೆನಪಿಟ್ಟು ತೆಗೆದುಕೊಳ್ಳಬೇಕಾದ ಮಾತ್ರೆ ಕಂಡುಹಿಡಿದವರ ಜಾಣತನವನ್ನು ಅವಳು ಬಹಳ ಮೆಚ್ಚಿಕೊಂಡಳು.

ಆ ಬೇಸಿಗೆಯಲ್ಲಿ ಕಲ್ಲೇಶಪ್ಪನವರು ಅಂಗಡಿಯ ಏಣಿಯಿಂದ ಬಿದ್ದರು. ಮೇಲಿನ ಅಟ್ಟದಿಂದ ಪೈಪು ಇಳಿಸುತ್ತ, ನಡುವೆ ಫೋನು ಬಂತೆಂದು ಜೇಬಿಗೆ ಕೈಹಾಕಿ, ಏಣಿಯ ಮೇಲಿದ್ದೇನೆಂಬುದನ್ನು ಮರೆತು ಹಿಂದಕ್ಕೆ ಕಾಲಿಟ್ಟಿದ್ದರು. ಇದನ್ನು ಪೇಟೆಯಲ್ಲಿ ಅಪಘಾತ ಎಂದರು. ತೊಡೆಯ ಮೂಳೆ ಮುರಿದಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರ ಜೊತೆ ಶಶಿಕಿರಣ್ ಉಳಿಯಬೇಕಾಯಿತು. ಸ್ಟ್ರೆಚರಿನ ಮೇಲಿಂದಲೇ ಮಾವ ಸೊಸೆಗೆ ಹೇಳಿಹೋಗಿದ್ದರು: "ಅಂಗಡಿ ಶಟರ್ ಮುಟ್ಟಬೇಡ."

ಮುಟ್ಟುವ ಯೋಚನೆ ಅವಳಿಗಿರಲಿಲ್ಲ. ಆದರೆ ಮುತ್ತಿನಕೊಪ್ಪದ ಕಡೆಯ ಹೂವಪ್ಪ ಮನೆ ಬಾಗಿಲಿಗೇ ಬಂದು ನಿಂತ. ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಅವನದು ಶುಂಠಿ ಗದ್ದೆ. "ಪಂಪು ನೀರು ಎತ್ತುತ್ತಿಲ್ಲ ಅಕ್ಕ. ಮೆಕ್ಯಾನಿಕ್ ಪೈಪಿನ ತುದಿಯ ಫುಟ್‌ವಾಲ್ವ್ ಹೋಗಿದೆ ಅಂದ. ಒಂದು ಕೊಟ್ಬಿಡಿ, ಶುಂಠಿ ಬಾಡ್ತಾ ಇದೆ."

ಶಟರ್ ಎತ್ತಿ ಕೊಟ್ಟಳು. ತೆರೆದ ಶಟರ್ ಕಂಡು ಮತ್ತೊಬ್ಬ ಬಂದ, ಅವನ ಹಿಂದೆ ಇನ್ನಿಬ್ಬರು. ಒಬ್ಬ ಮುರಿದ ನಲ್ಲಿಯ ತುಂಡು ಹಿಡಿದುಕೊಂಡು ಇದರಂಥದ್ದು ಬೇಕೆಂದ. ಒಬ್ಬನಿಗೆ ಬಣ್ಣ, ಒಬ್ಬನಿಗೆ ಬೇಲಿ ತಂತಿ. ಮೂವರು ಒಟ್ಟಿಗೆ ಮಾತಾಡಿದರೆ ಕಲ್ಲೇಶಪ್ಪನವರು ಸಿಡಿಮಿಡಿಗೊಳ್ಳುತ್ತಿದ್ದರು. ನೀಲಾಂಬಿಕೆಗೆ ಅದೇ ಹಿತವಾಗಿತ್ತು. ಅಡುಗೆಮನೆಯಲ್ಲಿ ಒಂದೇ ಪಾತ್ರೆಯ ಮುಂದೆ ನಿಲ್ಲಲಾರದ ಅವಳ ತಲೆ ಇಲ್ಲಿ ನಲ್ಲಿಯಿಂದ ಬಣ್ಣಕ್ಕೆ, ಬಣ್ಣದಿಂದ ತಂತಿಗೆ ಹಾರುತ್ತ ಎಲ್ಲೂ ಎಡವಲಿಲ್ಲ. ಮಾವನ ಮುಚ್ಚಿದ ಡ್ರಾಯರುಗಳಲ್ಲಿ ಮಾತ್ರ ಅವಳಿಗೆ ಏನೂ ಸಿಗುತ್ತಿರಲಿಲ್ಲ. ಕಣ್ಣಿಗೆ ಬೀಳದ ವಸ್ತು ಅವಳ ಪಾಲಿಗೆ ಇಲ್ಲ. ಹಾಗಾಗಿ ಡ್ರಾಯರುಗಳನ್ನೆಲ್ಲ ಬರಿದು ಮಾಡಿ ಸಾಮಾನನ್ನು ಬುಟ್ಟಿಗಳಲ್ಲಿ ಹೊರಗಿಟ್ಟಳು. ಅಂಗಡಿ ನೋಡಲು ಸಂತೆಯಂತಾಯಿತು.

ಶನಿವಾರ ಬೆಳಿಗ್ಗೆ ಹೂವಪ್ಪ ತನ್ನ ಪಿಕಪ್‌ನಲ್ಲಿ ಮತ್ತೆ ಬಂದ. "ವಾಲ್ವು ಬದಲಾಯಿಸಿದ್ರೂ ನೀರಿಲ್ಲ. ಈಗ ಪಂಪೇ ಹೋಗಿದೆ ಅಂತಾನೆ."

"ನಡೀರಿ, ನೋಡೋಣ," ಎಂದಳು ನೀಲಾಂಬಿಕೆ. ಗೋಡೆಗೆ ಹಚ್ಚುವ ಪುಟ್ಟಿ ಕೊಳ್ಳಲು ಬಂದಿದ್ದ ಪೇಂಟರ್ ಸುಂದರೇಶನಿಗೆ, "ಐದ್ನಿಮಿಷ ಅಂಗಡಿ ನೋಡ್ಕೊಳಿ ಅಣ್ಣ," ಎಂದು ಹೇಳಿ ಪಿಕಪ್ ಹತ್ತಿದಳು. ಮುತ್ತಿನಕೊಪ್ಪಕ್ಕೆ ಐದು ನಿಮಿಷದಲ್ಲಿ ಯಾರೂ ಹೋಗಿಬಂದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಗದ್ದೆಯಲ್ಲಿ ಪಂಪಿನ ಸುತ್ತ ಮೆಕ್ಯಾನಿಕ್, ಹೂವಪ್ಪ ಮತ್ತು ಅವನ ತಮ್ಮ ನಿಂತು ವಾದಕ್ಕಿಳಿದರು. ಗಂಡಸರು ವಾದಿಸಿದಷ್ಟು ನೀರು ಬರುವುದಿದ್ದರೆ ಆ ಗದ್ದೆ ಮುಳುಗಿಹೋಗಬೇಕಿತ್ತು. ನೀಲಾಂಬಿಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡಳು, ಆಮೇಲೆ ಆಗಲಿಲ್ಲ. ಓಡುತ್ತಿದ್ದ ಪಂಪಿನ ಗದ್ದಲದ ಅಡಿಯಲ್ಲಿ ಎಲ್ಲೋ ಸುಯ್ ಎನ್ನುವ ಸಣ್ಣ ಸದ್ದು ಅವಳನ್ನು ಎಳೆಯುತ್ತಿತ್ತು. ಮಾತಿನ ನಡುವೆಯೇ ಪೈಪಿನ ಜಾಡು ಹಿಡಿದು ನಡೆದಳು. ನೀರಿನ ಕಡೆಯ ಒಂದು ಜಾಯಿಂಟಿನ ಹತ್ತಿರ ಸದ್ದು ಜೋರಾಯಿತು. ಅಂಗೈ ಇಟ್ಟಳು. ಕೂದಲೆಳೆಯಂಥ ಬಿರುಕು ಗಾಳಿ ಎಳೆದುಕೊಳ್ಳುತ್ತಿತ್ತು.

"ಇಲ್ಲಿ ಗಾಳಿ ಹೋಗ್ತಿದೆ, ಬನ್ನಿ," ಎಂದು ಕೂಗಿದಳು. ಅವರು ಬರಲು ಸ್ವಲ್ಪ ಹೊತ್ತಾಯಿತು, ವಾದ ಇನ್ನೂ ಮುಗಿದಿರಲಿಲ್ಲ. ಜಾಯಿಂಟು ಕಿತ್ತು ಹೊಸದು ಹಾಕಿದ ಮೇಲೆ ನೀರು ಬಂತು. "ನಾನೂ ಅದೇ ಹೇಳೋನಿದ್ದೆ," ಎಂದ ಮೆಕ್ಯಾನಿಕ್.

ಪೈಪಿನಿಂದ ಗದ್ದೆಗೆ ನೀರು ಬೀಳುವುದನ್ನು ನೋಡುತ್ತ ನಿಂತಿದ್ದಾಗ ಅವಳಿಗೆ ಥಟ್ಟನೆ ನೆನಪಾಯಿತು. ಶನಿವಾರ ದೀಕ್ಷಾಳ ಶಾಲೆ ಮಧ್ಯಾಹ್ನಕ್ಕೆ ಮುಂಚೆಯೇ ಬಿಡುತ್ತದೆ.

ಮೊಬೈಲ್ ಅಂಗಡಿಯಲ್ಲೇ ಇತ್ತು. ಪಿಕಪ್‌ನಲ್ಲಿ ಬರುವಷ್ಟೂ ಹೊತ್ತು ಅವಳು ಹೂವಪ್ಪನ ಹೊಗಳಿಕೆಯ ಒಂದು ಪದವನ್ನೂ ಕೇಳಿಸಿಕೊಳ್ಳಲಿಲ್ಲ. ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ದೀಕ್ಷಾ ಬಿಸಿಲಿನಲ್ಲಿ ಒಬ್ಬಳೇ ನಡೆದುಬಂದು ಅಂಗಡಿಯಲ್ಲಿ ಸಿಮೆಂಟ್ ಚೀಲದ ಮೇಲೆ ಕೂತಿದ್ದಳು. ಸುಂದರೇಶ ಬಿಸ್ಕತ್ತು ಕೊಡಿಸಿದ್ದ. ಹುಡುಗಿ ಅದನ್ನು ತಿಂದಿರಲಿಲ್ಲ.

"ಮರ್ತೆಯಲ್ವಾ ಅಮ್ಮ?"

"ಮರ್ತೆ."

"ನಾನೂ ನಾಳೆ ನಿನ್ನ ಮರೀತೀನಿ," ಎಂದಳು ದೀಕ್ಷಾ. ಆಮೇಲೆ ತಾಯಿಯ ಸೊಂಟ ಅಪ್ಪಿಕೊಂಡು ಅತ್ತಳು. ಪಂಪು ಸರಿಯಾದ ಖುಷಿಯಲ್ಲಿ ನೀಲಾಂಬಿಕೆಗೆ ಏನೂ ಉಳಿಯಲಿಲ್ಲ.

ಕಲ್ಲೇಶಪ್ಪನವರು ವಾಕರ್ ಹಿಡಿದುಕೊಂಡು ಮನೆಗೆ ಬರುವ ಹೊತ್ತಿಗೆ ಪೇಟೆ ಎಲ್ಲವನ್ನೂ ಅವರಿಗೆ ಒಪ್ಪಿಸಿಯಾಗಿತ್ತು.

"ಅಂಗಡಿ ತೆಗ್ದಿಟ್ಟು ಊರು ಸುತ್ತೋಕೆ ಹೋದ್ಯಂತೆ."

"ಹೋದೆ ಮಾವ."

"ಬಣ್ಣ ಹೊಡೆಯೋನ ಕೈಗೆ ಅಂಗಡಿ ಕೊಟ್ಟು."

"ತಪ್ಪೇ. ಆದ್ರೆ ದೀಕ್ಷಾನ್ನ ಮರ್ತಿದ್ದು ಅದಕ್ಕಿಂತ ದೊಡ್ಡ ತಪ್ಪು. ನೀವು ಇನ್ನೂ ಶಟರ್ ಬಗ್ಗೆನೇ ಕೇಳ್ತಿದೀರಿ."

ಅಷ್ಟಕ್ಕೇ ಅವಳು ಬಿಡಲಿಲ್ಲ.

"ಇನ್ನೊಂದು ಮಾತು. ನಾನು ಬೆಣ್ಣೆನ ದಿಂಬಿನ ಹತ್ರ ಇಟ್ಟಿರ್ಲಿಲ್ಲ."

"ಅದು... ಗಿರಾಕಿಗಳಿಗೆ ಸ್ವಲ್ಪ ನಗು ಬರ್ಲಿ ಅಂತ."

"ನಂಗೆ ಬರ್ಲಿಲ್ಲ ಮಾವ."

ಆ ಮನೆಯಲ್ಲಿ ಅವರಿಗೆ ಹಾಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವರು ಕ್ಷಮೆ ಕೇಳಲಿಲ್ಲ, ಅದು ಅವರ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಆದರೆ ಮರುದಿನ ಬಂದ ಗಿರಾಕಿಗಳೆಲ್ಲ ಅಕ್ಕ ಇಲ್ಲವಾ, ಅಕ್ಕನನ್ನು ಕರೆಯಿರಿ ಎನ್ನತೊಡಗಿದಾಗ, ಕೂತಲ್ಲಿಂದ ಏಳಲಾಗದ ಮುದುಕರು ಮುಖ ಹುಳಿ ಮಾಡಿಕೊಂಡು ಸೊಸೆಗೆ ಹೇಳಿಕಳಿಸಿದರು.

ಅಂದಿನಿಂದ ಅಂಗಡಿ ನೀಲಾಂಬಿಕೆಯದು. ಶಶಿಕಿರಣ್ ಬೆಳಗಿನ ಅಡುಗೆ ಮಾಡುತ್ತಾನೆ. ಪೇಟೆಗೆ ಇದು ಎಡಿಎಚ್‌ಡಿಗಿಂತ ದೊಡ್ಡ ಕಾಯಿಲೆಯಾಗಿ ಕಂಡಿತು. ಹೆಂಡತಿಗೆ ಮಿದುಳು ಸರಿಯಿಲ್ಲದಿದ್ದರೆ ನಡೆಯುತ್ತದೆ, ಗಂಡ ಒಗ್ಗರಣೆ ಹಾಕುವುದೆಂದರೆ ಹೇಗೆ? ಅವನ ಸಾರಿಗೆ ಉಪ್ಪು ಇಂದಿಗೂ ಒಂದು ದಿನ ಹೆಚ್ಚು, ಒಂದು ದಿನ ಇಲ್ಲ. ಅದರ ಬಗ್ಗೆ ಯಾರೂ ಕಥೆ ಕಟ್ಟಿಲ್ಲ. ನೀಲಾಂಬಿಕೆ ಈಗಲೂ ತಪ್ಪುತ್ತಾಳೆ. ಪೈಪು ಒಬ್ಬರಿಗೆ ಹೋಗಬೇಕಾದ್ದು ಇನ್ನೊಬ್ಬರ ಮನೆಗೆ ಹೋಗಿದ್ದುಂಟು. ಶಾಲೆ ಬಿಡುವ ಹೊತ್ತಿಗೆ ಫೋನಿನ ಅಲಾರಂ ಕೂಗುತ್ತದೆ, ಅದೂ ಸಾಲದೆಂದು ಎದುರಿನ ಔಷಧಿ ಅಂಗಡಿಯವರು ಕೂಗುತ್ತಾರೆ. ಆ ಕೆಲಸವನ್ನು ಮಾತ್ರ ಅವಳು ಮತ್ತೆ ತಪ್ಪಿಸಿಲ್ಲ.

ಮೊನ್ನೆ ತಾಯಿ ಮಗಳಿಬ್ಬರೇ ಶಿವಮೊಗ್ಗದ ಡಾಕ್ಟರಮ್ಮನ ಹತ್ತಿರ ಹೋಗಿಬರುತ್ತಿದ್ದರು. ಬಸ್ಸಿನಲ್ಲಿ ದೀಕ್ಷಾ ಕೇಳಿದಳು, "ಅಮ್ಮ, ಇದು ಪೂರ್ತಿ ವಾಸಿ ಆಗುತ್ತಾ?"

"ಇಲ್ಲ ಕಣೆ."

"ಮತ್ತೆ ಯಾಕೆ ಹೋಗೋದು?"

"ನಂಗೆ ನಿನ್ನ ವಯಸ್ಸಲ್ಲಿ ಯಾರೂ ಇದರ ಹೆಸ್ರು ಹೇಳಿರ್ಲಿಲ್ಲ. ನಿಂಗಾದ್ರೂ ಗೊತ್ತಿರ್ಲಿ ಅಂತ."

ದೀಕ್ಷಾ ಯೋಚಿಸಿದಳು. ಆಮೇಲೆ ಕಿಟಕಿಯ ಹೊರಗೆ ಹಿನ್ನೀರಿನಲ್ಲಿ ಕಂಡ ಬೋಳು ಮರದ ಬಗ್ಗೆ ಏನೋ ಕೇಳಿದಳು. ನೀರು ಬರುವ ಮೊದಲು ಅಲ್ಲಿ ಏನಿತ್ತು ಎಂಬ ಮಾತು ಬಂತು, ಮೀನು ಕಣ್ಣು ಮುಚ್ಚುತ್ತದಾ ಎಂಬ ಮಾತು ಬಂತು, ಇಬ್ಬರೂ ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತ ನಗುತ್ತಿದ್ದರು. ನರಸಿಂಹರಾಜಪುರದ ನಿಲ್ದಾಣದಲ್ಲಿ ಬಸ್ಸು ನಿಂತು, ಜನ ಇಳಿದು, ಜನ ಹತ್ತಿ, ಬಸ್ಸು ಹೊರಟಿತು.

ಬಾಳೆಹೊನ್ನೂರು ಬರುವಾಗ ಕಂಡಕ್ಟರ್ ಹತ್ತಿರ ಬಂದ. "ಎಂತ ಅಕ್ಕ, ನಿಮ್ಮದು ಎನ್.ಆರ್.ಪುರ ಅಲ್ವಾ? ಕೂಗಿ ಕೂಗಿ ಸಾಕಾಯ್ತು ಮಾರಾಯ್ತಿ."

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಇಳಿದು, ಹೋಟೆಲಿನಲ್ಲಿ ಬನ್ಸು ತಿಂದು, ವಾಪಸು ಹೋಗುವ ಬಸ್ಸಿಗೆ ಕಾಯುತ್ತ ನಿಂತರು.