ಆರು ಸಾವಿರ, ಹೆಚ್ಚುಕಮ್ಮಿ ಎರಡು

ಹಲಸೂರು ಮಾರ್ಕೆಟ್ಟಿನಿಂದ ತಂದ ತರಕಾರಿಯನ್ನು ಮನೆಯಲ್ಲಿ ಇನ್ನೊಂದು ಸಲ ತೂಗಿ ನೋಡುವ ಕೆಟ್ಟ ಚಾಳಿ ನನಗಿದೆ. ಐವತ್ತು ಗ್ರಾಂ ಕಡಿಮೆ ಬಂದರೆ ಹೋಗಿ ಜಗಳವಾಡುವ ಧೈರ್ಯವಿಲ್ಲ, ಹೆಚ್ಚು ಬಂದರೆ ವಾಪಸು ಕೊಡುವಷ್ಟು ಪ್ರಾಮಾಣಿಕತೆಯೂ ಇಲ್ಲ. ಸುಮ್ಮನೆ ಗೊತ್ತಿರಲಿ ಅಂತ. ಇಂಥ ನಾನೂ ಒಮ್ಮೆ ತೂಗಲು ಬಾರದೆ ಪೆಚ್ಚಾಗಿ ಕೂತಿದ್ದೆ. ತೂಗಬೇಕಾಗಿದ್ದದ್ದು ಮಗಳು ರೇವತಿಯ ಓದನ್ನು.

ಆಗ ನಾವು ವಿಮಾನಪುರದ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಯಜಮಾನರು ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವ ವಿಭಾಗದವರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಾಪಸು ಕಳಿಸುವವರು. ಪಿಯುಸಿ ಮುಗಿಸಿದ ರೇವತಿ ಕಮ್ಯುನಿಕೇಶನ್ ಡಿಗ್ರಿ ಮಾಡುತ್ತೇನೆಂದಳು. ಪತ್ರಿಕೆ, ಜಾಹೀರಾತು, ಟೀವಿ, ಆ ಕಡೆಯ ಓದು. ಮೂರು ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಬ್ಯಾಂಕಿನವರು ಸಾಲ ಕೊಡುತ್ತಾರೆ, ಕೆಲಸ ಸಿಕ್ಕ ಮೇಲೆ ಅವಳೇ ತೀರಿಸುವುದು. ಆದರೆ ಕಾಗದದ ಮೇಲೆ ಅಪ್ಪನ ಸಹಿಯೂ ಬೇಕು.

"ಕೆಲಸ ಸಿಗ್ಲಿಲ್ಲ ಅಂದ್ರೆ?" ಅಂದರು ಇವರು.

"ಸಿಗತ್ತಪ್ಪಾ."

"ಸಿಗತ್ತೆ ಅನ್ನೋದು ಅಳತೆ ಅಲ್ಲಮ್ಮ."

ಅಳತೆಗೆಂದು ಒಂದು ವಾರ ಓಡಾಡಿದರು. ಜೋಗುಪಾಳ್ಯದ ಗೆಳೆಯರೊಬ್ಬರ ತಮ್ಮ ಪತ್ರಿಕೆಯಲ್ಲಿದ್ದ. ಶುರುವಿಗೆ ನಾಲ್ಕು ಸಾವಿರ ಅಂದ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಯಾರೋ ಜಾಹೀರಾತಿನವರು ಎಂಟು ಅಂದರು. ಇವರು ಭಾನುವಾರ ಕನ್ನಡಕ ಏರಿಸಿ ಹಾಳೆಯ ಮೇಲೆ 'ಸಂಬಳ: ಆರು ಸಾವಿರ, ಹೆಚ್ಚುಕಮ್ಮಿ ಎರಡು' ಎಂದು ಬರೆದರು.

"ನಿಮ್ಮಲ್ಲಿ ಸ್ಕ್ರೂ ಹಿಂಗೆ ಹೆಚ್ಚುಕಮ್ಮಿ ಇದ್ರೆ ಪ್ಲೇನ್ ಹಾರತ್ತೇನ್ರೀ?" ಅಂದೆ.

"ಪ್ಲೇನ್ ಬೇರೆ, ಮಗಳು ಬೇರೆ ಕಣೇ."

ಅದೂ ಸರಿಯೆನಿಸಿತು. ಹಿಂದೆ ಅಕ್ಕಸಾಲಿಗರು ಚಿನ್ನವನ್ನು ಗುಲಗಂಜಿಯಲ್ಲಿ ತೂಗುತ್ತಿದ್ದರಂತೆ. ಗುಲಗಂಜಿಯೆಂದರೆ ಬೇಲಿಯಲ್ಲಿ ಬಿಡುವ ಕೆಂಪು ಕಾಳು, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅಂಥದ್ದನ್ನಿಟ್ಟು ಅಷ್ಟು ಬೆಲೆಯ ವಸ್ತುವನ್ನು ತೂಗಿದರು, ಸರ ಮಾಡಿದರು, ಹಾಕಿಕೊಂಡು ಮದುವೆಗಳಿಗೆ ಹೋಗಿಬಂದರು. ಇನ್ನು ಈ ಓದಿನ ತಕ್ಕಡಿಯಲ್ಲಂತೂ ಒಂದು ತಟ್ಟೆಗೆ ಸಾಲವನ್ನು ಇವತ್ತೇ ಹಾಕಬೇಕು, ಇನ್ನೊಂದು ತಟ್ಟೆಗೆ ಸಂಬಳ ಬೀಳುವುದು ಮೂರು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ತಕ್ಕಡಿ ಹಿಡಿದವರ ಕೈ ನೋಯುವುದು ಸಹಜ.

ಆ ಹಾಳೆಯ ಪ್ರಕಾರ ಆರು ಸಾವಿರದಲ್ಲಿ ಸಾಲದ ಕಂತು ಮೂರು ಸಾವಿರ, ಉಳಿತಾಯಕ್ಕೆಂದು ಬ್ಯಾಂಕಿನ ಆರ್.ಡಿ.ಗೆ ಎರಡು, ಉಳಿದ ಒಂದು ಸಾವಿರ ಅವಳ ಖುಷಿಗೆ. ಎಷ್ಟು ಚಂದದ ಲೆಕ್ಕ ಅಂದರೆ ನಾನೂ ಎರಡು ಸಲ ಕೂಡಿ ನೋಡಿ ಒಪ್ಪಿದೆ. ಇವರು ಸಹಿ ಮಾಡಿದರು.

ರೇವತಿ ಓದಿದಳು, ಪಾಸಾದಳು. ಇಂದಿರಾನಗರದ ಒಂದು ಸಣ್ಣ ಜಾಹೀರಾತು ಕಚೇರಿಯಲ್ಲಿ ಸರಿಯಾಗಿ ಆರು ಸಾವಿರಕ್ಕೇ ಕೆಲಸ ಸಿಕ್ಕಿತು. ಇವರು ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಕಾರ್ಖಾನೆಗೆ ಹೋಗಿಬಂದರು. ಆದರೆ ಮೊದಲ ತಿಂಗಳ ಕೊನೆಯಲ್ಲಿ ಕಂತಿಗೇ ಮುನ್ನೂರು ರೂಪಾಯಿ ಕಡಿಮೆ ಬಿತ್ತು.

"ದುಡ್ಡೆಲ್ಲ ಎಲ್ಲೋಯ್ತಮ್ಮ?"

"ಊಟ, ಆಟೋ, ಮೊಬೈಲು, ಎರಡು ಜೊತೆ ಬಟ್ಟೆ."

"ಊಟಕ್ಕೆ ದುಡ್ಡು ಕೊಡ್ಬೇಕಾ? ಆಫೀಸಲ್ಲಿ?"

ಇವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ನಿಜವಾದ ಬೆರಗು. ಇಪ್ಪತ್ತೆಂಟು ವರ್ಷ ಕ್ಯಾಂಟೀನಿನಲ್ಲಿ ಚಿಲ್ಲರೆ ಕಾಸಿಗೆ ಊಟ ಮಾಡಿ, ಕಾರ್ಖಾನೆಯ ಬಸ್ಸಿನಲ್ಲಿ ಓಡಾಡಿ, ಅಲ್ಲೇ ಕೊಟ್ಟ ಸಮವಸ್ತ್ರ ತೊಟ್ಟ ಮನುಷ್ಯ. ಕೆಲಸ ಮಾಡುವುದಕ್ಕೂ ಖರ್ಚಾಗುತ್ತದೆ ಎಂಬುದು ಹಾಳೆ ಬರೆದವರಿಗೂ ಹೊಳೆದಿರಲಿಲ್ಲ, ಕೂಡಿ ನೋಡಿದವಳಿಗೂ ಹೊಳೆದಿರಲಿಲ್ಲ. ನಮ್ಮ ಸಾಲಿನ ಮನೆಗಳಲ್ಲಿ ಗಂಡನಿಗೆ ಊಟದ ಡಬ್ಬಿ ಕಟ್ಟಿ ಅಭ್ಯಾಸವಿದ್ದ ಹೆಂಗಸೇ ಇರಲಿಲ್ಲ. ನಾನು ಹೊಸ ಡಬ್ಬಿ ತಂದು ಕಟ್ಟಿಕೊಟ್ಟೆ. ಜಾಹೀರಾತಿನ ಶೂಟಿಂಗಿಗೆ ಹೋದ ಕಡೆ ವ್ಯಾನಿನಲ್ಲಿ ಬಿಸಿಲಿಗೆ ಹಳಸಿದ ಚಿತ್ರಾನ್ನ ಎರಡು ದಿನ ಹಾಗೇ ವಾಪಸು ಬಂತು.

ಇವರು ಪರ್ಸು ತೆಗೆದರೆ ಅವಳು, "ಬೇಡಪ್ಪಾ, ನನ್ ಸಾಲ ನಾನೇ ತೀರಿಸ್ತೀನಿ," ಅಂದಳು. ಗೆಳತಿಯಿಂದ ಕೈಸಾಲ ತಂದು ಆ ಕಂತು ಕಟ್ಟಿದಳು. ಎರಡನೇ ತಿಂಗಳು ಮೊಬೈಲಿಗೆ ದುಡ್ಡು ಹಾಕಿಸಲಿಲ್ಲ. ಮೂರನೇ ತಿಂಗಳು ಆಟೋ ಬಿಟ್ಟು ಎರಡು ಬಸ್ಸು ಬದಲಾಯಿಸಿ ಬರತೊಡಗಿದಳು. ಬರುವುದು ತಡವಾದಷ್ಟೂ ಇವರು ಗೇಟಿನ ಹತ್ತಿರ ನಿಂತು, "ನನ್ನ ಅಳತೆ ತಪ್ಪೋಯ್ತು ಕಣೇ. ಸೈನ್ ಮಾಡ್ಬಾರ್ದಿತ್ತು," ಎನ್ನುತ್ತಿದ್ದರು.

ನಾಲ್ಕನೇ ತಿಂಗಳು ಒಂದು ಸಂಜೆ ಆಟೋದಲ್ಲೇ ಬಂದಿಳಿದಳು, ಕೈಯಲ್ಲಿ ಸ್ವೀಟಿನ ಪೊಟ್ಟಣ.

"ಸಂಬಳ ಏಳ್ನೂರು ಜಾಸ್ತಿ ಮಾಡಿದ್ರು."

"ಯೂನಿಯನ್ ಇದ್ಯಾ ನಿಮ್ಮಲ್ಲಿ?"

"ಇಲ್ಲಪ್ಪ, ನಾನೇ ಕೇಳ್ದೆ. ಇಷ್ಟಿಷ್ಟು ಕೆಲಸ ಮಾಡಿದ್ದೀನಿ, ಇಷ್ಟು ಬೇಕು ಅಂತ ಒಂದು ಪೇಜು ಬರೆದು, ಎದುರಿಗೆ ಕೂತು ಹೇಳ್ದೆ. ಹೆಂಗೆ ಹೇಳ್ಬೇಕು ಅನ್ನೋದನ್ನೇ ಅಲ್ವಾ ಮೂರು ವರ್ಷ ಓದಿದ್ದು?"

ಇವರು ಮೈಸೂರುಪಾಕಿನ ತುಂಡನ್ನು ಕೈಯಲ್ಲೇ ಹಿಡಿದು ಕೂತರು. ಕಾರ್ಖಾನೆಯಲ್ಲಿ ಇವರಿಗೆ ಬೇಕಾದದ್ದನ್ನೆಲ್ಲ ಯೂನಿಯನ್ನಿನವರೇ ಕೇಳುತ್ತಿದ್ದರು; ಇವರು ತಾವಾಗಿ ಯಾರನ್ನೂ ಏನನ್ನೂ ಕೇಳಿದವರಲ್ಲ.

"ಕೇಳಿದ್ರೆ ಕೊಡ್ತಾರಾ?" ಅಂದರು ಮೆಲ್ಲಗೆ.

"ಕೆಲವು ಸಲ ಕೊಡ್ತಾರಪ್ಪ."

ಮರುದಿನ ಬೆಳಗ್ಗೆ ನಾನು ಕಾಫಿ ಲೋಟ ಕೊಟ್ಟಾಗ ಇವರು ಎಂದಿನಂತೆ ಪೇಪರು ಬಿಡಿಸಲಿಲ್ಲ. ಗಂಟಲು ಸರಿಮಾಡಿಕೊಂಡು, "ಇನ್ನೊಂದರ್ಧ ಚಮಚ ಸಕ್ಕರೆ ಹಾಕ್ತೀಯಾ?" ಅಂದರು.

"ಇವತ್ತು ಕಮ್ಮಿಯಾಯ್ತಾ?"

"ಇವತ್ತಲ್ಲ. ಮದುವೆ ಆದಾಗಿಂದ."

ನಮ್ಮ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ನಾನು ನಗುತ್ತಲೇ ಸಕ್ಕರೆ ಹಾಕಿ ಕದಡಿಕೊಟ್ಟೆ. ಇವರು ಒಂದು ಗುಟುಕು ಕುಡಿದು, ರೇವತಿಯ ಕೋಣೆಯ ಕಡೆ ನೋಡಿ ತಲೆದೂಗಿದರು. ಒಬ್ಬರ ಫೀಸಿನಲ್ಲಿ ಇಬ್ಬರು ಓದಿದ್ದಾರೆಂಬುದು ಆ ಕಾಲೇಜಿನವರಿಗೆ ಇನ್ನೂ ಗೊತ್ತಿಲ್ಲ.