ಕನ್ನಡಕದಕ್ಕನ ಹಣೆ

ನಮ್ಮ ಬೀದಿಗೆಲ್ಲ ಅವರು ಕನ್ನಡಕದಕ್ಕ. ನನ್ನ ಚರ್ಮದ ಕ್ಲಿನಿಕ್ಕಿನಿಂದ ನಾಲ್ಕು ಬಾಗಿಲು ದಾಟಿದರೆ ಅವರ ಅಂಗಡಿ. ರೈಲು ಡಬ್ಬಿಯಂತೆ ಉದ್ದನೆಯ ಒಂದೇ ಕೋಣೆ, ಎರಡೂ ಗೋಡೆಗೆ ಕನ್ನಡಿ, ಮುಂದೆ ಫ್ರೇಮುಗಳ ಗಾಜಿನ ಕಪಾಟು, ಅದರ ಹಿಂದೆ ಎತ್ತರದ ಸ್ಟೂಲಿನ ಮೇಲೆ ಅಕ್ಕ. ಅವರ ಎಡಕ್ಕೆ, ಗಾಜು ಉಜ್ಜುವ ಯಂತ್ರದ ಮುಂದೆ, ಬೆನ್ನು ತಿರುಗಿಸಿ ಕೂತಿರುವವರು ಅವರ ಅಣ್ಣ. ಇಬ್ಬರೂ ಐವತ್ತು ದಾಟಿದವರು. ಅಪ್ಪನ ಕಾಲದ ಅಂಗಡಿಯನ್ನು ಇಬ್ಬರೇ ನಡೆಸಿಕೊಂಡು ಬಂದಿದ್ದರು.

ಅಕ್ಕನ ಕೆಲಸ ನೋಡುವುದೇ ಒಂದು ಚಂದ. ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಚೂರು ಬಾಗಿಸಿ, ಗಿರಾಕಿಯ ಕಿವಿಯ ಹಿಂದೆ ಕೂರಿಸಿ, ಒಂದು ಹೆಜ್ಜೆ ಹಿಂದೆ ಸರಿದು ಮುಖವನ್ನು ನೇರವಾಗಿ ನೋಡುವರು. ಮೊದಲ ಸಲ ಕನ್ನಡಕ ಹಾಕಿಕೊಂಡು ಅಳುವ ಮಕ್ಕಳನ್ನು ಹೊಸಿಲಿಗೆ ಕರೆತಂದು ಎದುರಿನ ಮರದ ಎಲೆ ತೋರಿಸುವರು. ಮಕ್ಕಳು ಅಳು ಮರೆಯುತ್ತಿದ್ದವು.

ನನ್ನ ಕನ್ನಡಕ ಮಾತ್ರ ಎಷ್ಟು ಸರಿಮಾಡಿದರೂ ಜಾರುತ್ತಿತ್ತು. “ಮೂಗಿನ ತುದೀಲಿ ಅಷ್ಟು ಸಿಟ್ಟು ಕೂತಿದ್ರೆ ಕನ್ನಡಕಕ್ಕೆ ಜಾಗ ಎಲ್ಲಿ ಡಾಕ್ಟ್ರೇ?” ಎನ್ನುವರು. ನಾನೂ ಬಿಡುತ್ತಿರಲಿಲ್ಲ. ಅವರ ಕನ್ನಡಕವೇ ಸೊಟ್ಟಗೆ, ಬಲಗಡೆ ಕೆನ್ನೆಗೆ ತಾಗುವಷ್ಟು ಇಳಿದಿರುತ್ತಿತ್ತು. “ಊರಿಗೆಲ್ಲ ನೆಟ್ಟಗೆ ಮಾಡಿ ನಿಮ್ದು ಯಾಕೆ ಹೀಗೆ?” ಎಂದರೆ, “ನಮ್ಮ ಮುಖಕ್ಕೆ ನಾವೇ ಕೂರಿಸ್ಕೊಳ್ಳೋಕಾಗಲ್ಲ. ಎದುರಿಗೆ ನಿಂತು ಇನ್ನೊಬ್ರು ನೋಡ್ಬೇಕು,” ಎಂದು ನಕ್ಕುಬಿಡುವರು. ಅಣ್ಣ ಪಕ್ಕದಲ್ಲೇ ಇದ್ದರು. ಅವರ ಯಂತ್ರ ನಿಲ್ಲುತ್ತಿರಲಿಲ್ಲ.

ಅಕ್ಕನ ಬಲಹುಬ್ಬಿನ ಮೇಲೆ, ಹೆಬ್ಬೆರಳು ಕೂರುವಷ್ಟು ಗುಳಿಯಿತ್ತು. ಚಿಕ್ಕಂದಿನಲ್ಲಿ ಉಯ್ಯಾಲೆಯ ಹಲಗೆ ಬಡಿದದ್ದಂತೆ. ಅದರಿಂದಲೇ ಮದುವೆ ಆಗಲಿಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. “ಬಂದ ಗಂಡುಗಳ ಕಣ್ಣೇ ಸರಿ ಇರ್ಲಿಲ್ಲ. ಕನ್ನಡಕ ಕೊಟ್ಟು ಕಳಿಸ್ದೆ,” ಎನ್ನುತ್ತಿದ್ದರು ಅಕ್ಕ.

ಒಂದು ಬೆಳಿಗ್ಗೆ ಅಣ್ಣ ಅಕ್ಕನನ್ನು ತೋಳು ಹಿಡಿದು ನನ್ನಲ್ಲಿಗೆ ಕರೆತಂದರು. ಅಕ್ಕ ಹಣೆಗೆ ಐಸ್ ಸುತ್ತಿದ ಬಟ್ಟೆ ಒತ್ತಿಕೊಂಡಿದ್ದರು. ಹಿಂದಿನ ದಿನ ಪೇಟೆಯ ಒಂದು ಬ್ಯೂಟಿ ಕ್ಲಿನಿಕ್ಕಿನಲ್ಲಿ ಗುಳಿ ತುಂಬಲು ಫಿಲ್ಲರ್ ಎಂಬ ಜೆಲ್ಲು ಚುಚ್ಚಿಸಿಕೊಂಡಿದ್ದರಂತೆ. ಆಗಿನಿಂದ ನೋವು. ಫೋನ್ ಮಾಡಿದರೆ, “ಸ್ವಲ್ಪ ಕಂದಿದೆ ಅಷ್ಟೇ, ಐಸ್ ಇಡಿ,” ಎಂದರಂತೆ.

ಬಟ್ಟೆ ತೆಗೆದೆ. ಹುಬ್ಬಿನಿಂದ ಕೂದಲಂಚಿನವರೆಗೆ ಬಲೆ ಹರಡಿದಂತೆ ನೇರಳೆ ಗೆರೆಗಳು, ನಡುನಡುವೆ ಬಿಳಿಚಿದ ಚರ್ಮ. ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಬರೀ ಕಂದಿದ್ದಾದರೆ ಒತ್ತಿದರೂ ಬಣ್ಣ ಬದಲಾಗದು. ಚೆನ್ನಾಗಿರುವ ಚರ್ಮವಾದರೆ ಬಿಳಿಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೆಂಪಾಗುತ್ತದೆ. ಇಲ್ಲಿ ಬಿಳಿಚಿದ್ದು ಹಾಗೇ ನಿಂತಿತು. ಜೆಲ್ಲು ರಕ್ತನಾಳದೊಳಗೆ ಹೊಕ್ಕು ದಾರಿ ಕಟ್ಟಿತ್ತು. ಹೀಗೇ ಬಿಟ್ಟರೆ ಅಷ್ಟೂ ಚರ್ಮ ಸಾಯುತ್ತದೆ. ಜೆಲ್ಲು ಹಿಂದಕ್ಕೆ ಸರಿದು ಕಣ್ಣಿನ ನಾಳ ಸೇರಿದರೆ ಕಣ್ಣೇ ಹೋಗಬಹುದು.

“ಐಸ್ ಇಡಿ ಅಂದೋರು ಯಾರ್ರೀ?” ಎಂದು ಸಿಡುಕಿದೆ. ತಣ್ಣಗಾದಷ್ಟೂ ನಾಳ ಕುಗ್ಗುತ್ತದೆ. ಬೇಕಾದದ್ದು ಬಿಸಿ.

ಮೊದಲು ದೃಷ್ಟಿ ನೋಡಬೇಕಿತ್ತು. ಗೋಡೆಯ ಮೇಲಿದ್ದ ಕಣ್ಣು ಪರೀಕ್ಷೆಯ ಅಕ್ಷರದ ಪಟ ತೋರಿಸಿದರೆ ಅಕ್ಕ ಗಡಗಡನೆ ಒಪ್ಪಿಸಿ, “ಇದು ಬಾಯಿಪಾಠ ಡಾಕ್ಟ್ರೇ, ಲೆಕ್ಕಕ್ಕಿಲ್ಲ,” ಎಂದು ತಾವೇ ಹೇಳಿದರು. ಔಷಧದ ಪೊಟ್ಟಣದ ಸಣ್ಣ ಅಕ್ಷರಗಳನ್ನು ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದೆ. ತೊಡಕಿಲ್ಲದೆ ಓದಿದರು. ಹೋದ ಜೀವ ಬಂದಂತಾಯಿತು.

ಆ ಕ್ಲಿನಿಕ್ಕಿಗೆ ಫೋನ್ ಮಾಡಿ ಯಾವ ಜೆಲ್ಲೆಂದು ಕೇಳಿದೆ. ಪುಣ್ಯಕ್ಕೆ ಕರಗುವ ಜಾತಿಯದೇ ಆಗಿತ್ತು. ಕರಗಿಸುವ ಔಷಧವನ್ನು ಹಣೆಯ ಅಷ್ಟಗಲಕ್ಕೂ ಚುಚ್ಚಬೇಕು, ತುಂಬಿಸಿದ ಗುಳಿ ಮತ್ತೆ ಬರುತ್ತದೆ ಎಂದಾಗ ಅಣ್ಣ ತಡೆದು ಕೇಳಿದರು. “ಗುಳಿ ಇದ್ದ ಜಾಗ ಒಂದನ್ನ ಬಿಟ್ಟು ಚುಚ್ಚೋಕಾಗಲ್ವಾ?”

ಸಿಟ್ಟು ನೆತ್ತಿಗೇರಿತು. “ತಂಗಿ ಕಣ್ಣಿಗಿಂತ ಅಂದ ಹೆಚ್ಚಾಯ್ತಾ ನಿಮಗೆ?”

ಅವರು ತಲೆ ತಗ್ಗಿಸಿದರು. ಮಾತಾಡಿದ್ದು ಅಕ್ಕ.

“ಅವನನ್ನ ಬಯ್ಬೇಡಿ. ಉಯ್ಯಾಲೆ ತಳ್ಳಿದ್ದು ಅವನೇ. ಆವತ್ತಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ಈ ಗುಳಿ ನನಗೆ ಕನ್ನಡಿ ನೋಡಿದ್ರೆ ಮಾತ್ರ ಕಾಣುತ್ತೆ ಡಾಕ್ಟ್ರೇ. ಅವನಿಗೆ ಕಣ್ಣು ಮುಚ್ಚಿದ್ರೂ ಕಾಣುತ್ತೆ. ತುಂಬಿಸ್ಕೊಂಡ್ರೆ ನೋಡ್ತಾನೇನೋ ಅಂತ ಹೋದೆ.”

ಮರುಗಲು ಹೊತ್ತಿರಲಿಲ್ಲ. ಗುಳಿಯ ಜಾಗವನ್ನೂ ಬಿಡದೆ ಚುಚ್ಚಿದೆ. ಅಕ್ಕ ಹಲ್ಲು ಕಚ್ಚಿ ತಡೆದುಕೊಂಡರು.

“ಇನ್ನು ಕೆಲಸ ನಿಮ್ದು,” ಎಂದು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅಣ್ಣನ ಕೈಗೆ ಕೊಟ್ಟೆ. ನರ್ಸ್ ಅಲ್ಲೇ ಇದ್ದಳು. ಬೇಕೆಂದೇ ಅವಳಿಗೆ ಹೇಳಲಿಲ್ಲ. “ಬಿಸಿ ಇಡಿ, ಮೆಲ್ಲಗೆ ನೀವಿ, ಹೆಬ್ಬೆರಳಲ್ಲಿ ಒತ್ತಿ ಬಿಡಿ. ಬಣ್ಣ ವಾಪಸ್ ಬರುತ್ತಾ ನೋಡಿ ಹೇಳಿ.”

ಅಣ್ಣ ಗೋಡೆಯ ಕಡೆ ಮುಖ ಮಾಡಿ ಒತ್ತಿದರು.

“ಗೋಡೆಗೆ ಏನೂ ಆಗಿಲ್ಲ. ಹಣೆ ನೋಡಿ!”

ನೋಡಿದರು. ಗಾಜು ಉಜ್ಜಿ ಉಜ್ಜಿ ಒರಟಾದ ಬೆರಳುಗಳಿಂದ ಮೆಲ್ಲಗೆ ನೀವಿದರು. ಜೆಲ್ಲು ಕರಗುತ್ತಿದ್ದಂತೆ ಹಳೆಯ ಗುಳಿ ಅವರದೇ ಹೆಬ್ಬೆರಳಿನ ಅಡಿಯಲ್ಲಿ ಮತ್ತೆ ಮೂಡಿತು. ಅವರ ಕಣ್ಣೀರು ಅಕ್ಕನ ಕೆನ್ನೆಯ ಮೇಲೆ ಬಿತ್ತು. ಬಣ್ಣ ಮಾತ್ರ ಬರಲಿಲ್ಲ. ನಾನು ಮತ್ತೆ ಚುಚ್ಚಿದೆ, ಅವರು ಮತ್ತೆ ಒತ್ತಿದರು. ಮಧ್ಯಾಹ್ನ ಕಳೆಯುವವರೆಗೂ ಇದೇ ನಡೆಯಿತು. ಹೊರಗೆ ಕಾದಿದ್ದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದ್ದೆ.

ಅಕ್ಕ ಕಣ್ಣು ಮುಚ್ಚಿಕೊಂಡೇ, “ಇಷ್ಟು ವರ್ಷಕ್ಕೆ ನೋಡ್ತಿದ್ದೀಯ. ಹೇಗಿದೀನಿ ಹೇಳು,” ಎಂದರು.

ಅಣ್ಣ ಇನ್ನಷ್ಟು ಬಗ್ಗಿದರು. “ಕೆಂಪಾಗ್ತಿದೆ, ಪುಟ್ಟಿ. ಒತ್ತಿದ ಕಡೆ ಕೆಂಪಾಗ್ತಿದೆ.”

ಮುಂದಿನ ವಾರಗಳಲ್ಲಿ ಕೂದಲಂಚಿನಲ್ಲಿ ಒಂದಿಷ್ಟು ಚರ್ಮ ಕಪ್ಪಾಗಿ, ಹಕ್ಕಳೆ ಕಟ್ಟಿ ಉದುರಿತು. ಅಲ್ಲಿ ಕಲೆ ಉಳಿಯಿತು, ಗುಳಿಯೂ ಉಳಿಯಿತು. ಕಣ್ಣಿಗೆ ಏನೂ ಆಗಲಿಲ್ಲ. ಆ ಬ್ಯೂಟಿ ಕ್ಲಿನಿಕ್ಕಿನವರಿಗೆ ನಾನು ಫೋನಿನಲ್ಲಿ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ.

ಆಮೇಲೊಂದು ದಿನ ನನ್ನ ಕನ್ನಡಕದ ಸ್ಕ್ರೂ ಸಡಿಲವಾಗಿ ಅಂಗಡಿಗೆ ಹೋದೆ. ಯಂತ್ರದ ಸದ್ದಿರಲಿಲ್ಲ. ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಅಕ್ಕ ಕೂತಿದ್ದರು. ಅಣ್ಣ ಎದುರಿಗೆ ನಿಂತು, ಬಿಸಿ ಮಾಡಿದ ಕಡ್ಡಿಯನ್ನು ಅವರ ಕಿವಿಯ ಹಿಂದೆ ಕೂರಿಸಿ, ಒಂದು ಹೆಜ್ಜೆ ಹಿಂದೆ ಸರಿದು ಮುಖವನ್ನು ನೋಡುತ್ತಿದ್ದರು.

“ಅಲ್ಲಾಡ್ಬೇಡ ಪುಟ್ಟಿ. ಬಲಗಡೆ ಇನ್ನೂ ಚೂರು ಇಳಿದಿದೆ.”

ನಾನು ಒಳಗೆ ಹೋಗದೆ ಬಾಗಿಲಲ್ಲೇ ನಿಂತೆ.