ಹೊಸ ಡಿಸ್ಕಿಗೆ ಬಾರದ ಮಾತು

ಕನ್ನಡಕದ ಸ್ಕ್ರೂ ಬಿದ್ದುಹೋಯಿತೆಂದು ಇವತ್ತು ಬೆಳಿಗ್ಗೆ ಹಳೆಯ ತಗಡಿನ ಡಬ್ಬಿಯನ್ನು ಸುರುವಿಕೊಂಡು ಕೂತೆ. ಸ್ಕ್ರೂ ಸಿಗಲಿಲ್ಲ. ಅಕ್ಕಿಕಾಳಿನಷ್ಟಿರುವ ಒಂದು ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕಿತು. ಹಳೆಯ ಕಂಪ್ಯೂಟರ್ ಬಿಚ್ಚಿ ನೋಡಿದವರಾದರೆ ನೀವು ಗುರುತು ಹಿಡಿಯುತ್ತೀರಿ, ಅದು ಜಂಪರ್. ಆಗೆಲ್ಲ ಒಂದೇ ಕೇಬಲ್ಲಿಗೆ ಎರಡು ಹಾರ್ಡ್ ಡಿಸ್ಕ್ ಜೋಡಿಸಿದರೆ, ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ಕಂಪ್ಯೂಟರಿಗೆ ತಿಳಿಸುತ್ತಿದ್ದದ್ದು ಈ ಚೂರೇ.

ಇದು ರಾಜೇಸಾಬರ ಅಂಗಡಿಯದು. ಬಸವನಬಾಗೇವಾಡಿಯಲ್ಲಿ ಅವರು ಲಗ್ನಪತ್ರಿಕೆ ಕಂಪೋಸ್ ಮಾಡುತ್ತಿದ್ದರು. ಹೆಂಡತಿ ಜೈನಾಬಿ ಪಕ್ಕದ ಸ್ಟೂಲಿನ ಮೇಲೆ ಕೂತು ಕರಡನ್ನು ಗಟ್ಟಿಯಾಗಿ ಓದಿ ತಪ್ಪು ಹೇಳುವರು, ಇವರು ತಿದ್ದುವರು. ನಮ್ಮ ಕಡೆ ಪತ್ರಿಕೆಯಲ್ಲಿ ಬಂಧುಗಳ ಹೆಸರುಗಳೇ ಅರ್ಧ ಪುಟ. ಒಬ್ಬ ಕಾಕಾನ ಹೆಸರು ತಪ್ಪಿದರೂ ಆತ ಊಟಕ್ಕೆ ಕೂಡದೆ ಎದ್ದುಹೋಗುತ್ತಾನೆ. ಅಂಗಡಿಗೆ ಹೊಸ ಮೈಕ್ ಬಂದ ದಿನ ರಾಜೇಸಾಬರು ಪರೀಕ್ಷೆಗೆಂದು ಆಕೆಯ ಓದನ್ನೇ ರೆಕಾರ್ಡ್ ಮಾಡಿದರು. ನಾನೂ ಅಲ್ಲೇ ಹರಟೆಗೆ ಕೂತಿದ್ದೆ. ಇಂಗಳೇಶ್ವರದ ಯಾರದೋ ಮದುವೆ. ಆ ಗಂಡ-ಹೆಂಡತಿಗೆ ಈಗ ಮದುವೆಗೆ ಬಂದ ಮಕ್ಕಳಿರಬೇಕು. ಜೈನಾಬಿ ವಧು, ವರ, ಮುಹೂರ್ತ ಎಲ್ಲವನ್ನೂ ಸಾಲಿ ಹುಡುಗಿಯ ಹಾಗೆ ಒಂದೇ ರಾಗದಲ್ಲಿ ಓದಿ, ಕೊನೆಗೆ ತಟ್ಟನೆ ನಿಂತರು.

"ಅಯ್ಯ, ಸ್ವಾದರಮಾವನ ಹೆಸರ ಬಿಟ್ಟೀರಲ್ರಿ! ಮದಿವ್ಯಾಗ ಜಗಳಾ ಹಚ್ಚಬೇಕಂತ ಮಾಡೀರೇನು?"

ಮುಂದೆ ಆಕೆ ಕಾಮಾಲೆಯಿಂದ ತೀರಿಕೊಂಡರು. ಫೋಟೋ ಒಂದೆರಡಿದ್ದವು. ದನಿ ಇದ್ದದ್ದು ಅಂಗಡಿಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ, ಫ್ಲಾಪಿಯಲ್ಲಿ ಹಿಡಿಯದಷ್ಟು ದೊಡ್ಡ ಫೈಲಾಗಿ. ಡಿಸ್ಕ್ ಟಿಕ್ ಟಿಕ್ ಎನ್ನತೊಡಗಿದ ದಿನ ರಾಜೇಸಾಬರು ನನ್ನ ಮನೆಗೆ ಓಡಿಬಂದರು. ಕಂಪ್ಯೂಟರ್ ಬಿಚ್ಚುವ ಧೈರ್ಯ ನನಗಿತ್ತು. ವಿದ್ಯೆ ಎಷ್ಟಿತ್ತೆಂದು ಯಾರೂ ಕೇಳಿರಲಿಲ್ಲ.

ಇಬ್ಬರೂ ವಿಜಾಪುರಕ್ಕೆ ಹೋಗಿ ಹೊಸ ಡಿಸ್ಕ್ ತಂದೆವು. ಬಸ್ಸಿನ ಕುಲುಕಾಟಕ್ಕೆ ಹೆದರಿ ರಾಜೇಸಾಬರು ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಅಂಗಡಿಯಲ್ಲಿ ನಾನು ಜಂಪರನ್ನು ಎರಡನೆಯದರ ಜಾಗಕ್ಕೆ ಹಾಕಿ, ಹೊಸ ಡಿಸ್ಕನ್ನು ಸ್ಕ್ರೂ ಬಿಗಿದು ಕೂರಿಸಿ, ಕೇಬಲ್ ಚುಚ್ಚಿದೆ. ಹಳೆಯದು ನೆಟ್ಟಗಿದ್ದರೆ ತಿರುಗುತ್ತಿರಲಿಲ್ಲ, ಬೋರಲು ಹಿಡಿದರೆ ತಿರುಗುತ್ತಿತ್ತು. ಹಾಗಾಗಿ ನಾನು ಹೊಸದನ್ನು ಫಾರ್ಮ್ಯಾಟ್ ಮಾಡಿ ನಕಲಿಗೆ ಹಚ್ಚುವವರೆಗೂ ರಾಜೇಸಾಬರು ಹಳೆಯದನ್ನು ಅಂಗೈಯಲ್ಲಿ ಬೋರಲು ಹಿಡಿದೇ ಕೂತರು.

"ಬಿಸಿ ಆಗಾಕತ್ತೈತ್ರಿ ಸರ," ಅಂದರು. "ಜ್ವರ ಬಂದೋರ ಕೈ ಹಿಡದಂಗ ಆಗತೈತಿ."

ಪತ್ರಿಕೆಗಳೆಲ್ಲ ಸಲೀಸಾಗಿ ಬಂದವು. ದನಿಯ ಫೈಲು ತೊಡರಿತು. ಓದಲು ಬಂದಷ್ಟನ್ನೇ ನಕಲು ಮಾಡುವ ಒಂದು ಪ್ರೋಗ್ರಾಂ ನನ್ನ ಸಿ.ಡಿ.ಯಲ್ಲಿತ್ತು, ಅದನ್ನು ಓಡಿಸಿದೆ. ಅದು ಕೆಲಸ ಮಾಡುತ್ತಿರುವಾಗಲೇ ಹಳೆಯ ಡಿಸ್ಕ್ ಕಿರ್ರೆಂದು ನಿಂತುಹೋಯಿತು. ಹೇಗೆ ಹಿಡಿದರೂ ಮತ್ತೆ ತಿರುಗಲಿಲ್ಲ.

ಅದನ್ನು ಕಳಚಿದೆ. ಹೊಸ ಡಿಸ್ಕ್ ಒಂದೇ ಉಳಿದದ್ದರಿಂದ ಜಂಪರ್ ಬೇಕಿರಲಿಲ್ಲ, ಕಿತ್ತು ಜೇಬಿಗೆ ಹಾಕಿಕೊಂಡೆ. ವಿಂಡೋಸ್ ಹಾಕಿ ಫೈಲು ತೆರೆದೆ. ಆಕೆಯ ದನಿಯಲ್ಲಿ ವಧು ಬಂದಳು, ವರ ಬಂದ, ಮುಹೂರ್ತ ಬಂತು. ಸೋದರಮಾವನ ಮಾತು ಬರುವ ಮುಂಚೆಯೇ ದನಿ ಕಡಿಯಿತು.

ರಾಜೇಸಾಬರು ಇನ್ನೊಮ್ಮೆ ಹಾಕಿಸಿ ಕೇಳಿದರು. "ಇದು ಬರೇ ಪತ್ರಿಕಿ ಐತ್ರಿ ಸರ. ಆಕಿ ಮಾತು ಇದರಾಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅವತ್ತ ನೀವೂ ಇದ್ರಲ್ಲ. ಆಕಿ ಅಂದಂಗ ಒಮ್ಮಿ ಅನ್ರಿ," ಎಂದರು.

ನಾಚಿಕೊಳ್ಳುತ್ತ ಅಂದೆ. ಅವರು ತಲೆ ಅಲ್ಲಾಡಿಸಿದರು. "ಹಂಗಲ್ರಿ. 'ಜಗಳಾ' ಅನ್ನೂಮುಂದ ಆಕಿಗೆ ನಗಿ ತಡಕೊಳ್ಳಾಕ ಆಗಿರಲಿಲ್ಲ." ಮತ್ತೆ ಅಂದೆ. ಅವರು ಅತ್ತುಬಿಟ್ಟರು. ಆಮೇಲೆ ಭೇಟಿಯಾದಾಗಲೆಲ್ಲ ನನ್ನಿಂದ ಆ ಮಾತು ಅನ್ನಿಸುವರು, ತಪ್ಪಿದರೆ ತಿದ್ದುವರು.

ಹೋದ ಶ್ರಾವಣದಲ್ಲಿ ರಾಜೇಸಾಬರೂ ತೀರಿಕೊಂಡರು.

ಜಂಪರನ್ನು ಕೈಯಲ್ಲಿಟ್ಟುಕೊಂಡು ಇವತ್ತು ಆ ಮಾತನ್ನು ಗಟ್ಟಿಯಾಗಿ ಅಂದೆ. "ಯಾರ ಮದಿವಿರಿ?" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು. ಜೈನಾಬಿ 'ಅಯ್ಯ' ಅಂದಿದ್ದರೋ, 'ಅಯ್ಯೋ' ಅಂದಿದ್ದರೋ, ನಕ್ಕದ್ದು ಮೊದಲೋ ಆಮೇಲೋ ಎಂದು ನನಗೇ ಅನುಮಾನ ಬಂತು. ಇನ್ನೊಂದು ಸಲ ಅಂದು ನೋಡಿದೆ. ತಪ್ಪಿದ್ದರೂ ತಿದ್ದುವವರು ಈಗ ಯಾರೂ ಇಲ್ಲ.